ವಸ್ತಿಗೊಂದು ಜಾಗ

ಅಮೆರಿಕದಲ್ಲೋ ನ್ಯೂಜಿಲೆಂಡಿನಲ್ಲೋ ನೆಲೆಸಿದ ಕನ್ನಡದ ಕುಟುಂಬಗಳು ರಜೆ ಬಂತೆಂದರೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಸುತ್ತಾಡಲು ಹೊರಡುವುದು ಈಗ ಅಪರೂಪವೇನಲ್ಲ. ಹಾಸಿಗೆ, ಒಲೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲವೂ ಒಂದೇ ಗಾಡಿಯೊಳಗಿರುವ ಈ ವಾಹನವನ್ನು ಹೊರಗಿನಿಂದ ನೋಡಿದವರಿಗೆ, ಇಂಥದೊಂದು ಇದ್ದರೆ ಎಲ್ಲಿ ಬೇಕಾದರೂ ಹೋಗಬಹುದು, ಎಲ್ಲಿ ಬೇಕಾದರೂ ಮಲಗಬಹುದು ಅನ್ನಿಸುತ್ತದೆ. ಅದರಲ್ಲಿ ಊರು ಸುತ್ತಿದವರ ಅನುಭವ ಬೇರೆ. ಹೊತ್ತು ಇಳಿಯುತ್ತಿದ್ದಂತೆ ಅವರ ಎದುರು ನಿಲ್ಲುವ ಪ್ರಶ್ನೆ ಒಂದೇ: ಇವತ್ತಿನ ವಸ್ತಿ ಎಲ್ಲಿ? ಗಾಡಿ ಎಷ್ಟೇ ಸುಸಜ್ಜಿತವಾಗಿರಲಿ, ಅದನ್ನು ನಿಲ್ಲಿಸಲು ಸಮತಟ್ಟಾದ ನೆಲ ಬೇಕು, ತುಂಬಿಸಿಕೊಳ್ಳಲು ನೀರು ಬೇಕು, ಬಳಸಿದ ನೀರನ್ನೂ ಮಲವನ್ನೂ ಸುರಿಯಲು ಒಂದು ಗುಂಡಿ ಬೇಕು, ನಡುರಾತ್ರಿ ಯಾರೂ ಬಾಗಿಲು ತಟ್ಟಿ ಎಬ್ಬಿಸುವುದಿಲ್ಲವೆಂಬ ನಂಬಿಕೆ ಬೇಕು. ಇವು ನಾಲ್ಕೂ ಗಾಡಿಯೊಳಗೆ ಬರುವುದಿಲ್ಲ, ದಾರಿ ಕೊಡಬೇಕು. ಆದ್ದರಿಂದ ಕ್ಯಾರವಾನ್ ಪ್ರವಾಸೋದ್ಯಮದ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ತಪ್ಪು ತುದಿಯಿಂದ ಶುರುವಾಗುತ್ತಿದೆ ಎಂಬುದು ನನ್ನ ವಾದ. ಗಾಡಿ ಆಮೇಲಿನದು. ಮೊದಲು ಬೇಕಾದದ್ದು ರಸ್ತೆ ಬದಿಯಲ್ಲಿ, ಹಣವಿದ್ದವರಿಗೂ ಇಲ್ಲದವರಿಗೂ ಸಮನಾಗಿ ಸಿಗುವ, ಸಾರ್ವಜನಿಕವಾದ ಒಂದು ರಾತ್ರಿಯ ತಂಗುದಾಣ. ಆ ತಂಗುದಾಣದ ಅಗತ್ಯ ವಿದೇಶಿ ಪ್ರವಾಸಿಗಿಂತ ಹೆಚ್ಚಾಗಿ ರಾಯಚೂರು ಜಿಲ್ಲೆಯ ದಾರಿಗಳಲ್ಲಿ ದಿನವೂ ಓಡಾಡುವ ನಮ್ಮವರಿಗೇ ಇದೆ.

ಹೊರದೇಶಗಳು ಈ ಪ್ರಶ್ನೆಯನ್ನು ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡಿವೆ. ಜರ್ಮನಿಯಲ್ಲಿ ದಣಿದ ಚಾಲಕ ಮತ್ತೆ ಗಾಡಿ ಓಡಿಸುವ ಸ್ಥಿತಿಗೆ ಬರಲೆಂದು ರಸ್ತೆ ಬದಿಯಲ್ಲಿ ಒಂದು ರಾತ್ರಿ ವಾಹನದಲ್ಲೇ ಮಲಗುವುದಕ್ಕೆ ಅಡ್ಡಿಯಿಲ್ಲ. ಅದರ ಜೊತೆಗೆ ಸಣ್ಣ ಊರುಗಳ ಪುರಸಭೆಗಳೇ ನೀರು, ವಿದ್ಯುತ್ತು, ಮಲ ಸುರಿಯುವ ವ್ಯವಸ್ಥೆ ಇರುವ ನಿಲುಗಡೆಗಳನ್ನು ಮಾಡಿಟ್ಟಿವೆ. ಫ್ರಾನ್ಸಿನಲ್ಲಿ ದ್ರಾಕ್ಷಿ ಬೆಳೆಗಾರರೂ ರೈತರೂ ಸೇರಿ 1990ರ ದಶಕದಿಂದ ನಡೆಸುತ್ತಿರುವ ಒಂದು ಒಡಂಬಡಿಕೆಯಿದೆ. ಸದಸ್ಯರಾದ ಪ್ರವಾಸಿಗಳು ತೋಟದ ಅಂಗಳದಲ್ಲಿ ಒಂದು ದಿನ ಬಾಡಿಗೆಯಿಲ್ಲದೆ ಗಾಡಿ ನಿಲ್ಲಿಸಬಹುದು. ಏನನ್ನೂ ಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ, ಆದರೆ ಬಂದವರು ಕೊಳ್ಳುತ್ತಾರೆ. ನ್ಯೂಜಿಲೆಂಡಿನ ಅನುಭವ ಎಚ್ಚರಿಕೆಯದು. ಅಲ್ಲಿ ರಗ್ಬಿ ವಿಶ್ವಕಪ್ ನಡೆದ 2011ರಲ್ಲಿ ಬಂದ ಕಾಯ್ದೆ, ನಿಷೇಧವಿಲ್ಲದ ಕಡೆ ಸಾರ್ವಜನಿಕ ಜಾಗದಲ್ಲಿ ಬೀಡು ಬಿಡುವುದನ್ನು ಒಪ್ಪಿತು. ಶೌಚಾಲಯವಿಲ್ಲದ ಸಣ್ಣ ವ್ಯಾನುಗಳು ಕಡಲತೀರಗಳಲ್ಲಿ ತುಂಬಿ ಹೊಲಸಾದಾಗ ಸ್ಥಳೀಯರ ಸಿಟ್ಟು ಏರಿತು. ಕೊನೆಗೆ 2023ರಲ್ಲಿ, ಸ್ವಾವಲಂಬಿ ವಾಹನವೆಂಬ ಮಾನ್ಯತೆ ಬೇಕಾದರೆ ಗಾಡಿಯಲ್ಲಿ ಕದಲದಂತೆ ಕೂರಿಸಿದ ಶೌಚಾಲಯ ಇರಲೇಬೇಕೆಂದು ಕಾನೂನು ಬಿಗಿ ಮಾಡಿದರು. ಜಪಾನಿನದು ನಮಗೆ ಎಲ್ಲಕ್ಕಿಂತ ಹತ್ತಿರದ ಮಾದರಿ. ಅಲ್ಲಿ 1993ರಲ್ಲಿ ನೂರರಷ್ಟು ‘ಮಿಚಿ ನೊ ಎಕಿ’ಗಳು, ಅಂದರೆ ದಾರಿಬದಿಯ ನಿಲ್ದಾಣಗಳು, ಶುರುವಾದವು, ಈಗ ಅವು ಸಾವಿರದ ಇನ್ನೂರನ್ನು ದಾಟಿವೆ. ಇಪ್ಪತ್ತನಾಲ್ಕು ಗಂಟೆಯೂ ಹಣ ಕೊಡದೆ ವಾಹನ ನಿಲ್ಲಿಸಲು ಜಾಗ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಶೌಚಾಲಯ, ಪಕ್ಕದಲ್ಲೇ ಆ ಊರಿನ ರೈತರು ಬೆಳೆದದ್ದನ್ನು ಮಾರುವ ಅಂಗಡಿ. ರೆಸಾರ್ಟಿನಂತೆ ಬೀಡು ಬಿಡಬೇಡಿ, ದಣಿದಿದ್ದರೆ ಮಲಗಿ ಹೋಗಿ ಎಂಬುದು ಅಲ್ಲಿನ ಸರ್ಕಾರದ ನಿಲುವು. 2011ರ ಭೂಕಂಪ ಮತ್ತು ಸುನಾಮಿಯ ಹೊತ್ತಿನಲ್ಲಿ ಇದೇ ನಿಲ್ದಾಣಗಳು ಪರಿಹಾರ ಕಾರ್ಯದ ನೆಲೆಗಳಾದವು.

ಇನ್ನು ನಮ್ಮ ದಾರಿಗಳನ್ನು ನೋಡೋಣ. ಕುರ್ಡಿ, ನೀರಮಾನ್ವಿ, ಸಿರವಾರ, ಗಬ್ಬೂರಿನ ಕಡೆಯ ಜನರಿಗೆ ಗಾಡಿಯಲ್ಲೇ ಸಂಸಾರ ಹೂಡಿ ಊರೂರು ಹೋಗುವುದು ಹೊಸದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರ್ ಟ್ರಾಲಿಗೆ ತಾಡಪಾಲಿನ ಚಾವಣಿ, ಒಳಗೆ ಹುಲ್ಲಿನ ಮೇಲೆ ಜಮಖಾನೆ, ಮೂಲೆಯಲ್ಲಿ ರೊಟ್ಟಿಯ ಬುತ್ತಿ, ನೀರಿನ ಕ್ಯಾನು, ಗ್ಯಾಸಿನ ಒಲೆ. ಮಂತ್ರಾಲಯಕ್ಕೋ ತಿಂಥಣಿಗೋ ಹೊರಟ ಕ್ರೂಸರ್‌ನಲ್ಲಿ ಒಂದು ಮನೆತನವೇ ಇರುತ್ತದೆ, ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಅಡುಗೆಯ ಪಾತ್ರೆಗಳಿರುತ್ತವೆ. ರಾತ್ರಿಯಾದರೆ ಹೆಂಗಸರು ಮಕ್ಕಳು ಗಾಡಿಯೊಳಗೆ, ಗಂಡಸರು ಅದರ ಕೆಳಗೆ. ಇದು ನಮ್ಮ ಮೋಟರ್‌ಹೋಮ್. ರಾತ್ರಿಯಾದ ಮೇಲೆ ಹಳ್ಳಿ ಮುಟ್ಟಿ, ಅಲ್ಲೇ ಇದ್ದು ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವ ಸಾರಿಗೆ ನಿಗಮದ ವಸ್ತಿ ಬಸ್ಸೂ ಒಂದು ಬಗೆಯ ಮೋಟರ್‌ಹೋಮೇ. ಚಾಲಕ, ನಿರ್ವಾಹಕರಿಗೆ ಬಸ್ಸಿನ ಸೀಟೋ ಗುಡಿಯ ಕಟ್ಟೆಯೋ ಹಾಸಿಗೆ. ಭತ್ತ, ಹತ್ತಿ ಹೊತ್ತು ರಾಯಚೂರಿನ ಗಂಜ್‌ಗೆ ಬರುವ ಲಾರಿಗಳ ಕ್ಯಾಬಿನ್ನಿನಲ್ಲಿ ಮಲಗುವವರನ್ನು ಬೇರೆ ಎಣಿಸಬೇಕಿಲ್ಲ. ಯುಗಾದಿಗೆ ಮುಂಚಿನ ವಾರಗಳಲ್ಲಂತೂ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಭಕ್ತರು ಕಂಬಿ ಹೊತ್ತು ಈ ಜಿಲ್ಲೆಯ ಮೂಲಕವೇ ಶ್ರೀಶೈಲಕ್ಕೆ ನಡೆಯುತ್ತಾರೆ. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕುವ ತನಕ ಅವರ ರಾತ್ರಿಗಳೆಲ್ಲ ಯಾರದೋ ಕಣ, ಯಾವುದೋ ಶಾಲೆಯ ಜಗುಲಿ, ಯಾವುದೋ ಮಠದ ಅಂಗಳ.

ಇದಕ್ಕಿಂತಲೂ ಹಳೆಯದೂ ಹದವಾದದ್ದೂ ಕುರುಬರ ಸಂಚಾರದ ಪದ್ಧತಿ. ಸುಗ್ಗಿ ಮುಗಿದ ಮೇಲೆ ಸಾವಿರಾರು ಕುರಿಗಳೊಡನೆ ಕೃಷ್ಣೆ, ತುಂಗಭದ್ರೆಯರ ನಡುವಿನ ಎಡೆದೊರೆಯ ನೀರಾವರಿ ಸೀಮೆಗೆ ಇಳಿದು ಬರುವ ಕುರಿಗಾರರು ರಾತ್ರಿ ಎಲ್ಲಿ ತಂಗಬೇಕೆಂಬುದು ಹಗಲೇ ಇತ್ಯರ್ಥವಾಗಿರುತ್ತದೆ. ರೈತ ತನ್ನ ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುತ್ತಾನೆ, ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕುರಿಗಾರನಿಗೆ ರಾತ್ರಿಯ ನೆಲೆ, ಹೊಲಕ್ಕೆ ಹಿಕ್ಕೆಯ ಗೊಬ್ಬರ. ಫ್ರಾನ್ಸಿನ ದ್ರಾಕ್ಷಿ ತೋಟದ ಒಡಂಬಡಿಕೆಗೂ ಇದಕ್ಕೂ ತತ್ವದಲ್ಲಿ ಏನೂ ವ್ಯತ್ಯಾಸವಿಲ್ಲ. ಅಪರಿಚಿತನೊಬ್ಬ ನಿನ್ನ ನೆಲದಲ್ಲಿ ರಾತ್ರಿ ಕಳೆದರೆ ನಿನಗೂ ಲಾಭ, ಅವನಿಗೂ ಲಾಭ ಎಂಬ ಲೆಕ್ಕಾಚಾರ ಅಲ್ಲೂ ಇದೆ, ಇಲ್ಲೂ ಇದೆ. ನಮ್ಮ ರೈತನಿಗೆ ಇದನ್ನು ಯಾವ ಪ್ರವಾಸೋದ್ಯಮ ನೀತಿಯೂ ಕಲಿಸಬೇಕಾಗಿಲ್ಲ. ನೀರಾವರಿ ಹೆಚ್ಚಿ ಎರಡನೆಯ ಬೆಳೆ ಬಂದಲ್ಲೆಲ್ಲ ಹೊಲ ಖಾಲಿಯಿರುವ ದಿನಗಳು ಕಡಿಮೆಯಾಗಿ ಕುರಿಗಾರರ ದಾರಿ ಇಕ್ಕಟ್ಟಾಗಿದೆ ಎಂಬುದನ್ನೂ ಮರೆಯಬಾರದು. ಖಾಸಗಿ ನೆಲದ ಔದಾರ್ಯಕ್ಕೆ ಮಿತಿಯಿದೆ, ಅದು ಬೆಳೆಯನ್ನೂ ಬೆಲೆಯನ್ನೂ ಅವಲಂಬಿಸಿದೆ. ಸಾರ್ವಜನಿಕ ನೆಲ ಬೇಕೆನ್ನುವುದು ಇದಕ್ಕೇ.

ಪ್ರಯಾಣಿಕನ ರಾತ್ರಿ ರಾಜ್ಯದ ಹೊಣೆ ಎಂಬ ವಿಚಾರ ಈ ನೆಲಕ್ಕೆ ಪರಕೀಯವೇ? ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಕಂಡುಬಂದ ಶಾಸನ ಅಶೋಕನ ಹೆಸರನ್ನು ಜಗತ್ತಿಗೆ ಖಚಿತಪಡಿಸಿತು. ಅದೇ ದೊರೆ, ಈಗ ದೆಹಲಿಯಲ್ಲಿರುವ ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ, ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ತಂಗುಮನೆ, ಅರವಟ್ಟಿಗೆ ಮಾಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯ ಬಗ್ಗೆ ಬರೆದ ಇಬ್ನ್ ಬತೂತ, ಅರ್ಧ ಮೈಲಿಗೊಂದರಂತೆ ಕಟ್ಟಿಗೆಯ ತಂಗುಮನೆ, ಕೂರಲು ಜಗುಲಿ, ಪಕ್ಕದಲ್ಲಿ ಬಾವಿ ಇದ್ದುದನ್ನು ದಾಖಲಿಸಿದ್ದಾನೆ. 1867ರಲ್ಲಿ ಬ್ರಿಟಿಷರು ತಂದ ಸರಾಯಿ (ಪ್ರಯಾಣಿಕರ ತಂಗುಮನೆ) ಕಾಯ್ದೆ ನನಗೆ ಬಹಳ ಮುಖ್ಯವೆನಿಸುತ್ತದೆ. ಸರಾಯಿ ನಡೆಸುವವನು ಕೋಣೆ, ಚರಂಡಿ, ನೀರಿನ ಮೂಲಗಳನ್ನು ಚೊಕ್ಕಟವಾಗಿಡಬೇಕು, ಕಳ್ಳರು ಒಳಹೊರಗೆ ನುಸುಳಲು ಆಸರೆಯಾಗುವ ಮರ, ಕೊಂಬೆ ತೆಗೆಸಬೇಕು, ದರದ ಪಟ್ಟಿ ತೂಗುಹಾಕಬೇಕು, ತಂಗಿದ ಜನರ ಜೊತೆಗೆ ಅವರ ಪ್ರಾಣಿಗಳಿಗೂ ವಾಹನಗಳಿಗೂ ಕಾವಲು ಇಡಬೇಕು ಎಂದು ಅದು ವಿಧಿಸಿತು. ಗಾಡಿಯೊಡನೆ ಬಂದವನಿಗೆ ಏನು ಬೇಕೆಂಬುದು ಆಗಲೇ ಕಾನೂನಿನ ಗಮನಕ್ಕೆ ಬಂದಿತ್ತು. ರೈಲು ಬಂದಾಗ ತಂಗುದಾಣವೂ ರೈಲಿನ ಬಾಗಿಲಿಗೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರು ಛತ್ರಕ್ಕೆ ಜಾಗ ಹಿಡಿದದ್ದು ಆ ತಿಳಿವಳಿಕೆಯಿಂದ. ಡಾಂಬರು ರಸ್ತೆಯ ಕಾಲಕ್ಕೆ ಆ ಕೊಂಡಿ ಕಳಚಿತು. ರಸ್ತೆ ಅಗಲವಾಯಿತು, ಸಾಲುಮರ ಉರುಳಿದವು, ತಂಗುದಾಣ ಯೋಜನೆಯ ಅಂದಾಜುಪಟ್ಟಿಯಿಂದ ಹೊರಗುಳಿಯಿತು. ಸರ್ಕಾರಿ ಪ್ರವಾಸಿ ಮಂದಿರಗಳು ಉಳಿದಿವೆ, ಆದರೆ ಅವುಗಳ ಕೋಣೆ ಅಧಿಕಾರಿಗಳಿಗೆ ಮೀಸಲೆಂದು ಸಾಮಾನ್ಯ ಜನ ಅತ್ತ ತಲೆ ಹಾಕುವುದೇ ಇಲ್ಲ.

ಬರ, ಗುಳೆ, ಅಪೌಷ್ಟಿಕತೆಯ ಜಿಲ್ಲೆಯಲ್ಲಿ, ನೀತಿ ಆಯೋಗವೇ ಹಿಂದುಳಿದದ್ದೆಂದು ಗುರುತಿಸಿ ಮಹತ್ವಾಕಾಂಕ್ಷಿ ಪಟ್ಟಿಗೆ ಸೇರಿಸಿದ ರಾಯಚೂರಿನಲ್ಲಿ, ಮೋಟರ್‌ಹೋಮಿನ ಮಾತು ಶ್ರೀಮಂತರ ಹವ್ಯಾಸವಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಬೆಂಗಳೂರಿನಿಂದ ಬಾಡಿಗೆಗೆ ಸಿಗುವ ಐಷಾರಾಮಿ ವ್ಯಾನಿಗಾಗಿ ಇಲ್ಲಿನ ಪಂಚಾಯಿತಿ ಒಂದು ರೂಪಾಯಿ ಖರ್ಚು ಮಾಡಿದರೂ ಅದು ಅನ್ಯಾಯ. ಆದರೆ ತಂಗುದಾಣದ ಅಂಗಾಂಗಗಳನ್ನು ಬಿಡಿಸಿ ನೋಡಿ. ಗಟ್ಟಿ ನೆಲ, ನಲ್ಲಿ, ದೀಪ, ಶೌಚಾಲಯ, ಸ್ನಾನಕ್ಕೆ ಮರೆ, ಕಾವಲು. ಇದರಲ್ಲಿ ಯಾವುದು ಲಾರಿ ಚಾಲಕನಿಗೆ ಬೇಡ? ಯಾವುದು ಕ್ರೂಸರ್‌ನಲ್ಲಿ ಬಂದ ಬಾಣಂತಿಗೆ ಬೇಡ? ವಸ್ತಿ ಬಸ್ಸಿನ ನಿರ್ವಾಹಕಿಗೆ ಬೇಡವಾದದ್ದು ಯಾವುದು? ವಿದೇಶಿ ಗಾಡಿಗೆಂದೇ ಬೇಕಾಗುವ ಹೆಚ್ಚಿನ ವಸ್ತು ಎರಡೇ: ವಿದ್ಯುತ್ತಿಗೆ ಒಂದು ಪ್ಲಗ್ಗು, ಮಲದ ಡಬ್ಬಿ ಸುರಿಯಲು ಒಂದು ಬಾಯಿ. ಪ್ಲಗ್ಗಿನ ವಿದ್ಯುತ್ತಿಗೂ ಸುರಿಯುವ ಸೇವೆಗೂ ಅವರಿಂದಲೇ ಶುಲ್ಕ ಪಡೆಯಲಿ. ಉಳಿದದ್ದೆಲ್ಲ ಎಲ್ಲರದು.

ಖಾಸಗಿಯವರೇ ಮಾಡಿಕೊಳ್ಳಲಿ ಬಿಡಿ ಎನ್ನುವ ವಾದವೂ ಇದೆ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ನೀತಿ ತಂದ ಮೇಲೆ, ಮರುವರ್ಷ ವಾಗಮಣ್‌ನಲ್ಲಿ ಖಾಸಗಿಯವರ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ನಮ್ಮ ರಾಜ್ಯದ ಬಾಡಿಗೆ ಕ್ಯಾರವಾನ್‌ಗಳೂ ಹೆಚ್ಚಾಗಿ ರೆಸಾರ್ಟುಗಳ ಅಂಗಳದಲ್ಲೇ ರಾತ್ರಿ ಕಳೆಯುತ್ತವೆ. ಈ ಮಾದರಿಯಲ್ಲಿ ಹಣ ಹೂಡುವವನು ಪ್ರವಾಸಿ ಈಗಾಗಲೇ ತುಂಬಿರುವ ಕಡೆಗೇ ಹೋಗುತ್ತಾನೆ. ಗಿರಿಧಾಮ, ಕಾಫಿ ತೋಟ, ಕಡಲತೀರ. ಮುದಗಲ್ಲಿನ ಕೋಟೆಯ ಬಳಿಗೋ ಗಬ್ಬೂರಿನ ಗುಡಿಗಳ ಬಳಿಗೋ ಅವನು ಬರುವುದಿಲ್ಲ, ಬರಬೇಕೆಂದು ಬಯಸುವುದೂ ತಪ್ಪು. ಹಂಪಿ ನೋಡಿ ಮಂತ್ರಾಲಯಕ್ಕೆ ಹೊರಟವರಲ್ಲಿ ಎಷ್ಟೋ ಜನ ಸಿಂಧನೂರು, ಮಾನ್ವಿ, ರಾಯಚೂರಿನ ಮೇಲೆಯೇ ಹಾದು ಹೋಗುತ್ತಾರೆ. ಜಗನ್ನಾಥದಾಸರ ಮಾನ್ವಿ, ವಿಜಯದಾಸರ ಚೀಕಲಪರ್ವಿ, 1294ರ ಶಾಸನವನ್ನು ಎದೆಯ ಮೇಲೆ ಹೊತ್ತ ರಾಯಚೂರಿನ ಕೋಟೆ, ಗಾಣಧಾಳದ ಪಂಚಮುಖಿ ಆಂಜನೇಯ, ಕೃಷ್ಣೆಯ ನಡುಗಡ್ಡೆಯ ಕುರುವಪುರ ಎಲ್ಲ ಅವರ ದಾರಿಯ ಆಚೀಚೆ ಇವೆ. ಆದರೂ ಕತ್ತಲಾಗುವುದರೊಳಗೆ ಮಂತ್ರಾಲಯ ಮುಟ್ಟಬೇಕೆಂಬ ಅವಸರ, ಏಕೆಂದರೆ ನಡುವೆ ಎಲ್ಲಿ ಇಳಿದರೆ ಮಕ್ಕಳೊಡನೆ ನೆಮ್ಮದಿಯಾಗಿ ರಾತ್ರಿ ಕಳೆಯಬಹುದೆಂದು ಹೇಳುವವರಿಲ್ಲ. ಪ್ರವಾಸಿಯ ದುಡ್ಡು ಅವನು ಮಲಗಿದ ಊರಿನಲ್ಲಿ ಉಳಿಯುತ್ತದೆ. ಹಾದುಹೋದ ಊರಿಗೆ ಧೂಳು ಉಳಿಯುತ್ತದೆ. ಬೆಳಗಾವಿ, ಹುನಗುಂದ, ಲಿಂಗಸುಗೂರು, ಕವಿತಾಳ, ಸಿರವಾರದ ಮೇಲೆ ರಾಯಚೂರಿಗೆ ಬರುವ 748ಎ ಹೆದ್ದಾರಿ ಅಗಲವಾದಷ್ಟೂ ಈ ನಷ್ಟ ಹೆಚ್ಚು, ಏಕೆಂದರೆ ವೇಗದ ರಸ್ತೆ ಸಣ್ಣ ಊರನ್ನು ಇನ್ನಷ್ಟು ಬೇಗ ದಾಟಿಸುತ್ತದೆ. ಹೆದ್ದಾರಿ ಪ್ರಾಧಿಕಾರ ರಾಷ್ಟ್ರೀಯ ಹೆದ್ದಾರಿಗಳ ಬದಿಯಲ್ಲಿ ಸೌಕರ್ಯ ಕೇಂದ್ರಗಳನ್ನು ಮಾಡಿಸುತ್ತಿದೆ ನಿಜ, ಆದರೆ ಅವು ಟೆಂಡರು ಹಿಡಿದವರ ಪೆಟ್ರೋಲ್ ಬಂಕು, ಫುಡ್‌ಕೋರ್ಟುಗಳ ಸುತ್ತ ಬೆಳೆಯುವಂಥವು. ಕುರ್ಡಿಯ ರೈತ ಮಹಿಳೆಯೊಬ್ಬಳು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮಾರಲು ಅಲ್ಲಿ ಕಟ್ಟೆ ಸಿಗುವುದಿಲ್ಲ. ಪಂಚಾಯಿತಿಯ ತಂಗುದಾಣದಲ್ಲಿ ಸಿಗಬಹುದು.

ಭದ್ರತೆಯ ಪ್ರಶ್ನೆ ಕಠಿಣವಾದದ್ದು. ಗೊತ್ತಿಲ್ಲದ ಜನ ರಾತ್ರಿ ಊರ ಮಗ್ಗುಲಲ್ಲಿ ಬೀಡುಬಿಟ್ಟರೆ ಊರಿನವರಿಗೆ ಆತಂಕ. ಗೊತ್ತಿಲ್ಲದ ಊರ ಮಗ್ಗುಲಲ್ಲಿ ಮಲಗುವವರಿಗೂ ಅಷ್ಟೇ ಆತಂಕ. ಈಗ ಈ ಎರಡೂ ಆತಂಕ ನಿಭಾಯಿಸುತ್ತಿರುವುದು ಧಾಬಾ ಮಾಲೀಕ. ಲಾರಿಯವರು ಬೆಳಕಿರುವ, ಹತ್ತು ಲಾರಿ ನಿಂತಿರುವ ಧಾಬಾ ಆರಿಸುವುದು ಊಟದ ರುಚಿಗಿಂತ ಹೆಚ್ಚಾಗಿ ಡೀಸೆಲ್, ತಾಡಪಾಲು ಉಳಿಯಲೆಂದು. ಆದರೆ ಧಾಬಾದ ಅಂಗಳ ಹೆಂಗಸರು ಮಕ್ಕಳು ನಿಶ್ಚಿಂತೆಯಿಂದ ಮಲಗುವ ಜಾಗವಲ್ಲ. ಹಾಗಾಗಿ ಗುರುತು ಮಾಡಿದ, ಬೆಳಕಿರುವ, ಬಂದವರ ಹೆಸರು, ಗಾಡಿ ನಂಬರು ಬರೆದಿಡುವ ಜಾಗವಿದ್ದರೆ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಹಿತಿ ಕೊಡಬೇಕೆಂಬ ನಿಯಮ ಈಗಲೂ ಇದೆ, ಅದನ್ನು ಆನ್‌ಲೈನಿನಲ್ಲೇ ತುಂಬಬಹುದು. ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್‌ಗೆ ಇದು ದೊಡ್ಡ ಕೆಲಸವಲ್ಲ. ಜಾಗಕ್ಕೂ ತೀರಾ ಹುಡುಕಾಡಬೇಕಿಲ್ಲ. ವಾರಕ್ಕೊಂದು ದಿನ ತುಂಬಿ ಉಳಿದ ದಿನ ಖಾಲಿ ಬೀಳುವ ಸಂತೆ ಮೈದಾನಗಳು ಹೋಬಳಿ ಊರುಗಳಲ್ಲಿವೆ, ಸುಗ್ಗಿ ಬಿಟ್ಟರೆ ಬಿಕೋ ಎನ್ನುವ ಎಪಿಎಂಸಿ ಉಪ ಮಾರುಕಟ್ಟೆ ಪ್ರಾಂಗಣಗಳಿವೆ. ಖರ್ಚಿನ ಬಾಬತ್ತಿಗೆ, 371(ಜೆ) ವಿಧಿಯ ಬೆನ್ನಿಗೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇಂಥದಕ್ಕೆ ಸಲ್ಲಬೇಕಾದದ್ದೇ. ತಂಗುದಾಣ ನೆರೆಯ ಹೊತ್ತಿಗೂ ಒದಗೀತು. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆ ಉಕ್ಕಿದಾಗ ಮಂತ್ರಾಲಯವೇ ಮುಳುಗಿತ್ತು. ನದಿದಂಡೆಯ ಹಳ್ಳಿಗಳವರು ಎತ್ತರದ ಶಾಲೆಗಳಲ್ಲಿ, ಗಂಜಿ ಕೇಂದ್ರಗಳಲ್ಲಿ ದಿನ ಕಳೆದರು. ನೀರು, ಶೌಚಾಲಯ, ದೀಪ ಇರುವ ಎತ್ತರದ ಬಯಲೊಂದು ಹೋಬಳಿಗೊಂದರಂತೆ ಸಿದ್ಧವಿದ್ದರೆ ಮುಂದಿನ ನೆರೆಗೆ ಜಪಾನಿನವರಂತೆ ನಾವೂ ಅದನ್ನು ಬಳಸಿಕೊಳ್ಳಬಹುದು.

ಮಠಗಳ ದಾಸೋಹವಿದೆ, ಊರವರ ಅನ್ನದಾನವಿದೆ, ಸರ್ಕಾರ ಏಕೆ ನಡುವೆ ಬರಬೇಕು ಎಂಬ ಆಕ್ಷೇಪವನ್ನು ಗೌರವದಿಂದಲೇ ಎದುರಿಸಬೇಕು. ಶ್ರೀಶೈಲದ ಪಾದಯಾತ್ರಿಗಳಿಗೆ ಈ ಭಾಗದ ಹಳ್ಳಿಗಳು ಮಾಡುವ ಉಪಚಾರ ಕಂಡವರು ಅದನ್ನು ಹಗುರಾಗಿ ಮಾತನಾಡಲಾರರು. ಮನೆಮನೆಯಿಂದ ರೊಟ್ಟಿ ಕೂಡಿಸಿ, ಮಜ್ಜಿಗೆ ಕೊಟ್ಟು, ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುವ ಪ್ರೀತಿ ಯಾವ ಇಲಾಖೆಗೂ ಬರುವಂಥದ್ದಲ್ಲ. ಆದರೆ ಆ ಪ್ರೀತಿ ಭಕ್ತನಿಗೆ ಸಲ್ಲುವಂಥದ್ದು, ಅದರ ಕಾಲ ವರ್ಷಕ್ಕೆ ಕೆಲವೇ ವಾರ. ಆಷಾಢದ ಒಂದು ಸೋಮವಾರ ರಾತ್ರಿ ಲಾರಿ ಕೆಟ್ಟು ನಿಂತ ಕ್ಲೀನರ್ ಹುಡುಗನಿಗೆ, ಗುಳೆ ಹೊರಟ ಕೂಲಿ ಕುಟುಂಬಕ್ಕೆ ಅದು ಸಿಕ್ಕೀತೆಂದು ಹೇಳಲಾಗದು. ಇನ್ನೂ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಹಳೆಯ ಛತ್ರಗಳನ್ನು ನೆನೆದು ಹೆಮ್ಮೆ ಪಡುವಾಗ, ಅವುಗಳಲ್ಲಿ ಅನೇಕವು ಜಾತಿ ಕೇಳಿ ಬಾಗಿಲು ತೆರೆಯುತ್ತಿದ್ದವು, ಪಂಕ್ತಿಗೊಂದು ಜಾತಿಯಿತ್ತು, ಬಾವಿಗೊಂದು ಜಾತಿಯಿತ್ತು ಎಂಬುದನ್ನು ಬಿಟ್ಟು ನೆನೆಯುವಂತಿಲ್ಲ. ದಾನ ಕೊಡುವವನು ಯಾರಿಗೆ ಕೊಡಬೇಕೆಂದು ಆರಿಸುತ್ತಾನೆ. ಸಂವಿಧಾನದ 15(2)ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸರ್ಕಾರಿ ಹಣದಲ್ಲಿ ನಡೆಯುವ ಸಾರ್ವಜನಿಕ ತಾಣ ಇವುಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿ ಅಲ್ಲಿ ಯಾರಿಗೂ ಜಾತಿ, ಧರ್ಮ, ಲಿಂಗದ ಹೆಸರಲ್ಲಿ ತಡೆಯಿರಕೂಡದು ಎಂದದ್ದು ಇದೇ ಕಾರಣಕ್ಕೆ. ತಂಗುದಾಣ ಹಕ್ಕಾಗಿ ಬಂದರೆ ಮಾತ್ರ ಎಲ್ಲರೂ ಅಳುಕಿಲ್ಲದೆ ಒಳಗೆ ಬರಬಲ್ಲರು.

ಹೊಲಸಿನ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದು ಇಡೀ ಯೋಜನೆಯನ್ನು ಕೆಡಿಸಬಲ್ಲದು. ಮೋಟರ್‌ಹೋಮಿನ ಬಿಡಿ ಶೌಚ ಡಬ್ಬಿಯಲ್ಲಿ ಸುಮಾರು ಇಪ್ಪತ್ತು ಲೀಟರ್ ಹಿಡಿಯುತ್ತದೆ, ಎರಡು ಮೂರು ದಿನಕ್ಕೆ ತುಂಬುತ್ತದೆ. ಅದರಲ್ಲಿ ಬಳಸುವ ಕೆಲವು ರಾಸಾಯನಿಕಗಳು ಸೆಪ್ಟಿಕ್ ಟ್ಯಾಂಕಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ, ಆದ್ದರಿಂದ ಜೀವಿಗಳಿಗೆ ಹಾನಿಯಿಲ್ಲದ ದ್ರವವನ್ನೇ ಬಳಸಿರಬೇಕೆಂಬ ನಿಯಮ ಬೇಕು. ಬಹುತೇಕ ಟ್ರಾಲಿ, ಕ್ರೂಸರ್, ಲಾರಿಯವರಿಗೆ ಆ ಡಬ್ಬಿಯೂ ಇಲ್ಲ. ಅವರಿಗೆ ಬೇಕಾದದ್ದು ನೀರಿರುವ, ಚಿಲಕವಿರುವ ಸಾಮಾನ್ಯ ಶೌಚಾಲಯ. ನ್ಯೂಜಿಲೆಂಡ್ ಹನ್ನೆರಡು ವರ್ಷ ತಡವಾಗಿ ಕಲಿತದ್ದನ್ನು ನಾವು ಮೊದಲ ದಿನವೇ ಬರೆದುಕೊಳ್ಳಬೇಕು: ಶೌಚಾಲಯ ಕಟ್ಟದೆ ನಿಲುಗಡೆ ತೆರೆಯಬಾರದು. ಕಟ್ಟಿದ ಮೇಲೆ ತೊಳೆಯುವವರು ಯಾರು, ಗುಂಡಿ ಬರಿದು ಮಾಡುವವರು ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಸುರಕ್ಷಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದಿದೆ, ಆದರೂ ಸಾವುಗಳು ನಿಂತಿಲ್ಲ. ಪ್ರವಾಸಿಗಳ ಹೆಸರಿನಲ್ಲಿ ಊರಿನ ಒಂದು ಕೇರಿಯವರ ಹೆಗಲಿಗೆ ಹೊಸದೊಂದು ಹೊರೆ ಬೀಳುವುದಾದರೆ ಈ ತಂಗುದಾಣ ಬೇಡವೇ ಬೇಡ. ಹೀರುವ ಯಂತ್ರದ ವಾಹನ ತಾಲ್ಲೂಕಿಗೊಂದು ಇರಬೇಕು, ಅದು ಸುರಿಯಲು ಮಲಸಂಸ್ಕರಣಾ ಘಟಕ ಇರಬೇಕು, ಕಾವಲು ಮತ್ತು ಸ್ವಚ್ಛತೆಯ ಕೆಲಸಕ್ಕೆ ಜಾತಿ ನೋಡದೆ ನೇಮಕವಾದವರಿಗೆ ಪಂಚಾಯಿತಿ ತಿಂಗಳ ಸಂಬಳ ಕೊಡಬೇಕು. ಇಷ್ಟು ಬರೆದಿರದ ಅಂದಾಜುಪಟ್ಟಿಗೆ ಗ್ರಾಮಸಭೆ ಒಪ್ಪಿಗೆ ಕೊಡಕೂಡದು.